ರೂಮು ಬಳ್ಳಾರಿಯಲ್ಲೋ, ಸಿರುಗುಪ್ಪದಲ್ಲೋ?



ಬೇಸಿಗೆ ಬಂತೆಂದರೆ ನಮ್ಮ ಕಡೆ ಲಗ್ನಗಳ ಭರಾಟೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ನೆಲೆಸಿದವರ ಮನೆಗೆ ಲಗ್ನಪತ್ರಿಕೆ ಬರುತ್ತದೆ. ಕೆಳಗಡೆ ವಿಳಾಸ: ದೇಶನೂರು, ಸಿರುಗುಪ್ಪ ತಾಲ್ಲೂಕು, ಬಳ್ಳಾರಿ ಜಿಲ್ಲೆ. ಮನೆಯ ಹುಡುಗ ಮೊಬೈಲ್ ತೆಗೆದು ಆ ಊರಿನ ಹೆಸರು ಬರೆದು ರೂಮು ಹುಡುಕುತ್ತಾನೆ. ತೆರೆಯ ಮೇಲೆ ಬಳ್ಳಾರಿಯ ಹೊಟೆಲುಗಳು ಸಾಲಾಗಿ ಬರುತ್ತವೆ, ಅವುಗಳ ಹಿಂದೆ ಹೊಸಪೇಟೆಯವು, ಒಮ್ಮೊಮ್ಮೆ ಆಂಧ್ರದ ಆದೋನಿಯವೂ ನುಸುಳುತ್ತವೆ. ಚಿತ್ರ ಚೆನ್ನಾಗಿದೆ, ಲಿಫ್ಟ್ ಇದೆ, ಎ.ಸಿ. ಇದೆ, ಬೆಳಗಿನ ತಿಂಡಿಯೂ ಬಾಡಿಗೆಯಲ್ಲೇ ಸೇರಿದೆ. ಅಷ್ಟರಲ್ಲಿ ಊರಿನಿಂದ ಸೋದರಮಾವನ ಫೋನು: "ಅಷ್ಟು ರೊಕ್ಕ ಕೊಟ್ಟು ಬಳ್ಳಾರ್ಯಾಗ ಯಾಕ ಇರ್ತೀರಪ್ಪಾ? ಸಿರುಗುಪ್ಪದಾಗ ರೂಮು ಹೇಳಿಟ್ಟಿರ್ತೀನಿ, ಸುಮ್ನ ಬರ್ರಿ."

ಇಲ್ಲಿಂದ ಮನೆಯಲ್ಲಿ ಎರಡು ಪಕ್ಷ. ಒಂದು ಪಕ್ಷಕ್ಕೆ ಸ್ವಚ್ಛ ಬಚ್ಚಲು ಬೇಕು, ಇನ್ನೊಂದಕ್ಕೆ ದುಡ್ಡು ಉಳಿಯಬೇಕು. ಎರಡೂ ನ್ಯಾಯವೇ. ಆದರೆ ಇಬ್ಬರೂ ನೋಡುತ್ತಿರುವುದು ರೂಮನ್ನು. ಮೊದಲು ನೋಡಬೇಕಾದದ್ದು, ಮರುದಿನ ಬೆಳಗ್ಗೆ ನೀವು ಎಲ್ಲಿರಬೇಕು ಎಂಬುದನ್ನು. ಬೆಳಗಿನ ಕೆಲಸ ಎಲ್ಲಿದೆಯೋ ರಾತ್ರಿಯ ನಿದ್ದೆ ಅಲ್ಲೇ ಆಗಬೇಕು. ಇಂದಿನ ನನ್ನ ಮಾತೆಲ್ಲ ಇಷ್ಟರ ಸುತ್ತಲೇ.

ಊರುಗಳನ್ನು ಮೊದಲು ಅವುಗಳ ಜಾಗದಲ್ಲಿ ಕೂರಿಸೋಣ. ಬಳ್ಳಾರಿಯಿಂದ ಉತ್ತರಕ್ಕೆ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದರೆ ತೆಕ್ಕಲಕೋಟೆ ದಾಟಿ ಸಿರುಗುಪ್ಪ. ಅಲ್ಲಿಂದ ಮುಂದೆ ತುಂಗಭದ್ರೆಯ ಸೇತುವೆ, ಅದರಾಚೆ ರಾಯಚೂರು ಜಿಲ್ಲೆ, ಸಿಂಧನೂರು, ಮಸ್ಕಿ. ದೇಶನೂರು ಇರುವುದು ಸಿರುಗುಪ್ಪದ ಮಗ್ಗುಲಲ್ಲಿ. ಸಕ್ಕರೆ ಕಾರ್ಖಾನೆಯಿಂದ ಈ ಊರಿನ ಹೆಸರು ಹೊರಗಿನವರಿಗೆ ಗೊತ್ತು. ಅದಕ್ಕಿಂತ ಹಳೆಯ ಗುರುತು ಕಾಲುವೆಯದು. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಒಡ್ಡು ಕಟ್ಟಿ ತೆಗೆದ, ಇಂದಿಗೂ ಗದ್ದೆಗೆ ನೀರುಣಿಸುವ ಕಾಲುವೆಗಳ ಪಟ್ಟಿಯಲ್ಲಿ ಸಿರುಗುಪ್ಪ ಕಾಲುವೆಯೂ ಇದೆ, ದೇಶನೂರು ಕಾಲುವೆಯೂ ಇದೆ. ಬಳ್ಳಾರಿಯಿಂದ ಇಲ್ಲಿಗೆ ಸುಮಾರು 60 ಕಿಲೋಮೀಟರ್ ಎಂದು ಹಿಡಿಯಿರಿ. ಹತ್ತಿರದ ಇನ್ನೊಂದು ಊರು ಕುರುಗೋಡು ಈ ಹೆದ್ದಾರಿಯ ಮೇಲಿಲ್ಲ. ಅದು ಪಶ್ಚಿಮಕ್ಕೆ, ಬಳ್ಳಾರಿಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿದೆ. ಭೂಪಟದಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಬೆರಳಗಲದ ಅಂತರದಲ್ಲಿ ಕಾಣುವುದರಿಂದ, ದಾರಿಯಲ್ಲೇ ಇದೆಯಲ್ಲ ಎಂದು ಕುರುಗೋಡಿನಲ್ಲಿ ತಂಗಲು ಹೊರಡುವ ಹೊರಗಿನವರಿದ್ದಾರೆ. ಅವರಿಗಾಗಿ ಇಷ್ಟು ಹೇಳಿದೆ.

ಈಗ ಲೆಕ್ಕ. ಇದು ಯಾವ ಹೊಟೆಲಿನ ದರಪಟ್ಟಿಯೂ ಅಲ್ಲ, ಮಾತಿಗೆ ಹಿಡಿದ ಅಂಕಿ. ಬಳ್ಳಾರಿಯ ರೂಮಿಗೆ ದಿನಕ್ಕೆ 2,000 ರೂಪಾಯಿ, ಸಿರುಗುಪ್ಪದ ಲಾಡ್ಜಿಗೆ 900 ರೂಪಾಯಿ ಎಂದುಕೊಳ್ಳಿ. ತೆರಿಗೆ ಸೇರಿಸಬೇಕು. ಮುಂಚೆ ಸಾವಿರ ರೂಪಾಯಿಯೊಳಗಿನ ರೂಮಿಗೆ ಜಿ.ಎಸ್.ಟಿ. ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ ಶೇಕಡಾ 12 ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳಿಗೆಲ್ಲ ಶೇಕಡಾ 5 ಆಯಿತು. ಅಲ್ಲಿಗೆ ಬಳ್ಳಾರಿಯಲ್ಲಿ 2,100, ಸಿರುಗುಪ್ಪದಲ್ಲಿ 945. ವ್ಯತ್ಯಾಸ 1,155 ರೂಪಾಯಿ. ನಡುವೆ ಒಂದು ಮಾತು: ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಲಾಡ್ಜು ಜಿ.ಎಸ್.ಟಿ. ನೋಂದಣಿ ಮಾಡಿಸಿಕೊಳ್ಳಬೇಕಾಗಿಲ್ಲ, ನೋಂದಣಿ ಇಲ್ಲದವರು ತೆರಿಗೆ ಎಂದು ಒಂದು ಪೈಸೆಯನ್ನೂ ವಸೂಲು ಮಾಡುವಂತಿಲ್ಲ. ರಸೀದಿಯ ಮೇಲೆ ಜಿ.ಎಸ್.ಟಿ. ನಂಬರು ಇದೆಯೇ ನೋಡಿ ದುಡ್ಡು ಕೊಡಿ.

ಈಗ ಮದುವೆಗೆ ಬಂದವರು ಬಳ್ಳಾರಿಯಲ್ಲಿ ಉಳಿದರೆ ಏನಾಗುತ್ತದೆ? ಹಿಂದಿನ ದಿನ ಸಂಜೆ ದೇಶನೂರಿಗೆ ಹೋಗಬೇಕು, ಊಟ ಮುಗಿಸಿ ರಾತ್ರಿ ಬಳ್ಳಾರಿಗೆ ಮರಳಬೇಕು, ಬೆಳಗ್ಗೆ ಮತ್ತೆ ಅಕ್ಕಿಕಾಳಿನ ಹೊತ್ತಿಗೆ ಓಡಿ ಬರಬೇಕು. ಒಂದು ಸಲ ಹೋಗಿಬಂದರೆ 120 ಕಿಲೋಮೀಟರ್, ಎರಡು ಸಲಕ್ಕೆ 240. ಬಾಡಿಗೆ ಕಾರಿಗೆ ಕಿಲೋಮೀಟರಿಗೆ 14 ರೂಪಾಯಿ ಎಂದರೂ 3,360 ರೂಪಾಯಿ. ಸ್ವಂತ ಕಾರಾದರೆ ಖರ್ಚು ಕಡಿಮೆ, ಆದರೆ ನಡುರಾತ್ರಿ ಆ ರಸ್ತೆಯಲ್ಲಿ ಗಾಡಿ ಓಡಿಸುವವನ ಪಾಡು ಯಾರಿಗೂ ಬೇಡ. ಕಬ್ಬಿನ ಕಾಲದಲ್ಲಿ ಹಿಂದೆ ದೀಪವೇ ಇಲ್ಲದ ಟ್ರಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ಹೋಗುತ್ತಿರುತ್ತವೆ. ಭತ್ತದ ಕಾಲದಲ್ಲಿ ರಸ್ತೆಯ ಅಂಚಿಗೇ ಕಾಳು ಒಣಹಾಕಿ ಸುತ್ತ ಕಲ್ಲಿಟ್ಟಿರುತ್ತಾರೆ. ಇದನ್ನು ಬಲ್ಲ ಊರ ಡ್ರೈವರು ನಿಧಾನ ಮಾಡುತ್ತಾನೆ, ಬೆಂಗಳೂರಿನ ಹುಡುಗನಿಗೆ ಗೊತ್ತಿರುವುದಿಲ್ಲ. ದೇಶನೂರಿನ ಲಗ್ನಕ್ಕೆ ಸಿರುಗುಪ್ಪದಲ್ಲೇ ಉಳಿಯಿರಿ ಎನ್ನುವ ಸೋದರಮಾವನ ಮಾತು ಸರಿ. ಅದಕ್ಕೆ ಅವನು ಕೊಡುವ ಕಾರಣ ರೊಕ್ಕ. ನನ್ನ ಕಾರಣ ರಾತ್ರಿಯ ರಸ್ತೆ.

ಸಿರುಗುಪ್ಪದ ಕಷ್ಟಗಳನ್ನೂ ಮುಚ್ಚಿಡಬಾರದು. ಸುತ್ತ ನಿಂತ ನೀರಿನ ಗದ್ದೆ, ಹಾಗಾಗಿ ಸೊಳ್ಳೆ. ಕಿಟಕಿಗೆ ಜಾಲರಿ ಇದೆಯೇ ಎಂದು ನೋಡದೆ ಬೀಗದ ಕೈ ತೆಗೆದುಕೊಳ್ಳಬೇಡಿ. ಸಣ್ಣ ಲಾಡ್ಜುಗಳಲ್ಲಿ ಲಿಫ್ಟ್ ಇಲ್ಲದಿರುವುದು ಸಾಮಾನ್ಯ, ಮೊಣಕಾಲು ನೋವಿನ ಅಜ್ಜಿಗೆ ಕೆಳಗಿನ ರೂಮನ್ನೇ ಕೇಳಿ. ಬಳ್ಳಾರಿ ಸೀಮೆಗೆ ಇರುವುದು ಎರಡೇ ಕಾಲ, ಬಿಸಿಲುಗಾಲ ಮತ್ತು ಕಡು ಬಿಸಿಲುಗಾಲ ಎಂದು ನಾವೇ ನಗುತ್ತೇವೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಎ.ಸಿ. ಬೇಕೆನ್ನುವುದು ಶೋಕಿಯಲ್ಲ. ಕರೆಂಟು ಹೋದಾಗ ಜನರೇಟರಿನ ಮೇಲೆ ಎ.ಸಿ. ಓಡುತ್ತದೆಯೋ, ಬರೀ ಫ್ಯಾನು ತಿರುಗುತ್ತದೆಯೋ ಎಂದು ಮೊದಲೇ ಕೇಳಿ. ಮಾತಿಲ್ಲದೆ ತಲೆ ತುರಿಸಿಕೊಂಡರೆ ಉತ್ತರ ಸಿಕ್ಕಂತೆಯೇ.

ಇನ್ನೊಂದು ಸಂಗತಿ ಆ್ಯಪು ಹೇಳುವುದಿಲ್ಲ. ಸಿರುಗುಪ್ಪ ಅಕ್ಕಿಯ ಊರು, ಊರ ತುಂಬ ರೈಸ್ ಮಿಲ್ಲುಗಳು. ಸುಗ್ಗಿ ಬಂದರೆ ಭತ್ತದ ವ್ಯಾಪಾರಿಗಳು, ದಲ್ಲಾಳಿಗಳು, ಕಟಾವು ಯಂತ್ರದ ಜೊತೆ ಬರುವ ಪರಊರಿನ ಡ್ರೈವರುಗಳು ಎಲ್ಲರೂ ಅಲ್ಲೇ ಇಳಿಯುತ್ತಾರೆ. ಆ ಹೊತ್ತಿನಲ್ಲಿ ಅಗ್ಗದ ಊರು ಅಗ್ಗವಾಗಿ ಉಳಿದಿರುವುದಿಲ್ಲ, ಕೆಲವೊಮ್ಮೆ ರೂಮೇ ಇರುವುದಿಲ್ಲ. ಆ್ಯಪಿನಲ್ಲಿ ಕಾಣದ ಲಾಡ್ಜುಗಳೇ ತಾಲ್ಲೂಕು ಊರುಗಳಲ್ಲಿ ಹೆಚ್ಚು. ಅಲ್ಲಿ ಬುಕಿಂಗ್ ಎಂದರೆ ಪರಿಚಯದವರ ಒಂದು ಮಾತು. ಸೋದರಮಾವ ಹೇಳಿಟ್ಟರೆ ರೂಮು ಇದೆ, ಇಲ್ಲದಿದ್ದರೆ ಬಸ್ ಸ್ಟ್ಯಾಂಡಿನ ಮುಂದೆ ಬ್ಯಾಗು ಹಿಡಿದು ಓಡಾಡಬೇಕು.

ರೂಮು ಬಿಡುವ ಗಂಟೆಯ ವಿಚಾರ ಇದಕ್ಕಿಂತ ಮುಖ್ಯ. ದೊಡ್ಡ ಹೊಟೆಲಿನಲ್ಲಿ ದಿನ ಎಂದರೆ ಸಾಮಾನ್ಯವಾಗಿ ಮಧ್ಯಾಹ್ನ 12ರಿಂದ ಮಧ್ಯಾಹ್ನ 12. ಹಳೆಯ ಕಾಲದ ಅನೇಕ ಲಾಡ್ಜುಗಳಲ್ಲಿ ಒಳಗೆ ಬಂದ ಗಳಿಗೆಯಿಂದ 24 ಗಂಟೆ. ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು ಬಳ್ಳಾರಿಯಲ್ಲಿ ಇಳಿಯುವುದು ಬೆಳಗಿನ ಜಾವ. ಆ ಹೊತ್ತಿಗೆ ದೊಡ್ಡ ಹೊಟೆಲಿಗೆ ಹೋದರೆ ಹಿಂದಿನ ದಿನದ ಬಾಡಿಗೆಯನ್ನೂ ಕೇಳುತ್ತಾರೆ, ಇಲ್ಲವೇ ಮಧ್ಯಾಹ್ನದ ತನಕ ಸೋಫಾದಲ್ಲಿ ಕೂರಿಸುತ್ತಾರೆ. ಸ್ಟೇಷನ್ನಿನ ಆಸುಪಾಸಿನ 24 ಗಂಟೆಯ ಲಾಡ್ಜಿನಲ್ಲಿ ಸ್ನಾನ ಮಾಡಿ, ಕೆಲಸ ಮುಗಿಸಿ, ರಾತ್ರಿ ರೈಲಿಗೆ ಮರಳುವವರೆಗೂ ಒಂದೇ ಬಾಡಿಗೆ. ಕೋರ್ಟಿಗೆ ಬರುವವರು, ಜಿಲ್ಲಾಧಿಕಾರಿಗಳ ಕಚೇರಿಗೆ ಬರುವವರು ಇದನ್ನು ಎಂದೋ ಕಂಡುಕೊಂಡಿದ್ದಾರೆ. ಸಿರುಗುಪ್ಪಕ್ಕೂ ಕುರುಗೋಡಿಗೂ ರೈಲಿಲ್ಲ, ಹಾಗಾಗಿ ಈ ಲಾಭ ಬಳ್ಳಾರಿಗೆ ಮಾತ್ರ.

ಇಷ್ಟು ಹೊತ್ತು ಹೊರಗಿನಿಂದ ಬರುವವರ ಮಾತಾಯಿತು. ಇದೇ ಪ್ರಶ್ನೆ ದೇಶನೂರಿನವರಿಗೆ ತಿರುವುಮುರುವಾಗಿ ಬರುತ್ತದೆ, ಆಗ ಅದು ಸಲೀಸಲ್ಲ. ಮನೆಯ ಹಿರಿಯರನ್ನು ಬಳ್ಳಾರಿಯ ವಿಮ್ಸ್ ಆಸ್ಪತ್ರೆಗೆ ಸೇರಿಸಿದ್ದಾರೆ ಎನ್ನಿ. ಈಗ ಅದರ ಹೆಸರು ಬದಲಾಗಿದೆ, ಜನರ ಬಾಯಲ್ಲಿ ಮಾತ್ರ ವಿಮ್ಸ್. ರೋಗಿಯ ಹತ್ತಿರ ಒಬ್ಬರಿಗೆ ಜಾಗ. ಮಿಕ್ಕವರು ವರಾಂಡದಲ್ಲಿ ಚಾಪೆ ಹಾಸುತ್ತಾರೆ. ಹತ್ತು ದಿನ ಲಾಡ್ಜಿನ ಬಾಡಿಗೆ ಕಟ್ಟುವ ಶಕ್ತಿ ಯಾವ ರೈತನ ಮನೆಗಿದೆ?

ಇಲ್ಲಿ ಲೆಕ್ಕವನ್ನು ಬದಲಿಸಿದ್ದು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿಗೂ ಅದು ಅನ್ವಯ. ಅದಕ್ಕೆ ಮೊದಲು ಆಸ್ಪತ್ರೆಯಲ್ಲಿ ರಾತ್ರಿ ಕಾಯುವವರು ಯಾರು, ಊರಿಗೆ ಹೋಗಿ ಬುತ್ತಿ ತರುವವರು ಯಾರು ಎಂಬುದನ್ನು ಟಿಕೆಟಿನ ದುಡ್ಡು ತೀರ್ಮಾನಿಸುತ್ತಿತ್ತು. ಈಗ ಮಗಳು ಬೆಳಗ್ಗೆ ದೇಶನೂರಿನಿಂದ ರೊಟ್ಟಿ ಪಲ್ಯ ಕಟ್ಟಿಕೊಂಡು ಬರಬಹುದು, ಸಂಜೆ ಮನೆ ಸೇರಬಹುದು, ಮರುದಿನ ಸೊಸೆ. ಖರ್ಚಿಲ್ಲದ ರೂಮು ಅವರ ಸ್ವಂತ ಮನೆಯೇ. ಗಂಡಸು ಮಾತ್ರ ರಾತ್ರಿ ಆಸ್ಪತ್ರೆಯಲ್ಲಿ ಉಳಿದರೆ ಸಾಕು. ಬಸ್ಸಿನಲ್ಲಿ ಸೀಟು ಸಿಗದು, ನಿಂತೇ ಹೋಗಬೇಕು ಎನ್ನುವ ದೂರು ನಿಜ. ಆದರೂ ಈ ಯೋಜನೆಯನ್ನು ಬರೀ ಪುಕ್ಕಟೆ ಎಂದು ಹಂಗಿಸುವವರು ಒಂದು ದಿನ ವಿಮ್ಸ್ ಗೇಟಿನ ಹತ್ತಿರ ನಿಂತು, ಬುತ್ತಿ ಗಂಟು ಹಿಡಿದು ಇಳಿಯುವವರನ್ನು ನೋಡಿ ಬರಲಿ.

ಇದಕ್ಕೂ ಒಂದು ಎಲ್ಲೆ ಇದೆ, ಕೊನೆಯ ಬಸ್ಸು. ನಮ್ಮ ಹಳ್ಳಿಗಳಲ್ಲಿ ವಸ್ತಿ ಬಸ್ಸು ಎಂಬುದೊಂದು ಇದೆ. ರಾತ್ರಿ ಊರಿಗೆ ಬಂದು ಅಲ್ಲೇ ಉಳಿದು ಬೆಳಕು ಹರಿಯುವ ಮುನ್ನ ಹೊರಡುವ ಬಸ್ಸು. ಅದನ್ನು ತಪ್ಪಿಸಿಕೊಂಡವರು ಸಿರುಗುಪ್ಪದವರೆಗೆ ಬಂದರೂ ಅಲ್ಲಿಂದ ಹಳ್ಳಿಗೆ ಆಟೋಕ್ಕೋ ಟಂಟಂಗೋ ಕೇಳಿದಷ್ಟು ಕೊಡಬೇಕು. ಬಳ್ಳಾರಿಯಲ್ಲಿ ಸಂಜೆ ಕೆಲಸ ತಡವಾದರೆ, ಅಷ್ಟೂ ಉಳಿತಾಯ ಆ ಒಂದು ಆಟೋದಲ್ಲಿ ಹೋಗುತ್ತದೆ.

ಪರೀಕ್ಷೆ ಬರೆಯಲು ಹೋಗುವ ಮಕ್ಕಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಸರ್ಕಾರಿ ನೌಕರಿಯ ಪರೀಕ್ಷೆ, ಕೇಂದ್ರ ಬಳ್ಳಾರಿಯಲ್ಲಿ, ಬೆಳಗ್ಗೆ ಹತ್ತಕ್ಕೆ ಆರಂಭ, ಅದಕ್ಕೂ ಮೊದಲೇ ಗೇಟು ಹಾಕುತ್ತಾರೆ. ಬೆಳಗಿನ ಬಸ್ಸಿಗೆ ಬಂದರಾಯಿತು ಎಂದು ತಂದೆ ಹೇಳುತ್ತಾನೆ. ಟೈರು ಪಂಕ್ಚರ್ ಆದರೆ, ದಾರಿಯಲ್ಲಿ ಲಾರಿ ಅಡ್ಡಬಿದ್ದಿದ್ದರೆ, ಎರಡು ವರ್ಷದ ಓದು ನೀರುಪಾಲು. ಆ ಒಂದು ರಾತ್ರಿಗೆ ಬಳ್ಳಾರಿಯಲ್ಲಿ ರೂಮು ಮಾಡಿಕೊಡಿ. ಹೆಣ್ಣುಮಗಳಾದರೆ ಜೊತೆಗೆ ತಾಯಿಯೂ ಹೋಗಲಿ, ಇಬ್ಬರೂ ಬಸ್ಸಿಗೆ ದುಡ್ಡು ಕೊಡಬೇಕಿಲ್ಲವಲ್ಲ, ಆ ಉಳಿತಾಯವನ್ನೇ ಬಾಡಿಗೆಗೆ ಹಾಕಿ.

ಬಳ್ಳಾರಿಯ ರೂಮುಗಳ ಬಾಡಿಗೆ ಇಷ್ಟು ಯಾಕೆ ಎಂದು ಕೇಳುವವರಿಗೆ ಹಿಂದಿನದು ಸ್ವಲ್ಪ ಹೇಳಬೇಕು. 2000ದ ಇಸವಿಯ ನಂತರ ಚೀನಾದ ಬೇಡಿಕೆಗೆ ಕಬ್ಬಿಣದ ಅದಿರಿನ ಬೆಲೆ ಏರಿತು, ಸಂಡೂರು–ಹೊಸಪೇಟೆ–ಬಳ್ಳಾರಿಯ ದಾರಿಗಳೆಲ್ಲ ಲಾರಿಯ ಕೆಂಪು ಧೂಳಿನಲ್ಲಿ ಮುಳುಗಿದವು. ದೇಶವಿದೇಶದ ವ್ಯಾಪಾರಿಗಳು ಬಂದರು, ದರ ಕೇಳದೆ ರೂಮು ಹಿಡಿದರು. 2011ರ ಜುಲೈನಲ್ಲಿ ಲೋಕಾಯುಕ್ತರ ವರದಿ ಬಂತು, ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅದಿರಿನ ಕಾಲಕ್ಕೆ ಅಭ್ಯಾಸವಾಗಿದ್ದ ದರ ಮಾತ್ರ ಸುಲಭವಾಗಿ ಇಳಿಯುವಂಥದಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಜೀನ್ಸ್ ವ್ಯಾಪಾರ, ಆಸ್ಪತ್ರೆ, ವಿಶ್ವವಿದ್ಯಾಲಯ ಇವುಗಳಿಗೆ ಬರುವ ಜನ ಇದ್ದೇ ಇರುತ್ತಾರೆ.

ಅಗ್ಗದ ಪಕ್ಕದೂರಿನ ಆಸೆ ಹೇಗೆ ಕೈಕೊಡುತ್ತದೆ ಎಂಬುದಕ್ಕೆ ಹಂಪಿಗೆ ಬಂದವರ ಅನುಭವ ನೋಡಿ. ಹೊಸಪೇಟೆಯಲ್ಲಿ ದುಬಾರಿ ಎಂದು ಪ್ರವಾಸಿಗಳು ಹೊಳೆಯಾಚೆ ವಿರೂಪಾಪುರ ಗಡ್ಡೆಯ ಗುಡಿಸಲುಗಳಿಗೆ ಹೋಗುತ್ತಿದ್ದರು. ವಿರೂಪಾಕ್ಷನ ಗುಡಿ ಅಲ್ಲಿಂದ ಕೂಗಳತೆ. ಸಂಜೆ ದೋಣಿ ನಿಂತ ಮೇಲೆ ಅದೇ ಗುಡಿಗೆ ರಸ್ತೆಯಲ್ಲಿ ಬರಬೇಕೆಂದರೆ ಹತ್ತಾರು ಕಿಲೋಮೀಟರ್ ಸುತ್ತು. ಆನೆಗೊಂದಿಯ ಸೇತುವೆ ಮುಗಿಯುವ ಮೊದಲೇ 2009ರಲ್ಲಿ ಕುಸಿದು ಆ ಸುತ್ತು ವರ್ಷಗಟ್ಟಲೆ ಉಳಿಯಿತು. ಗಡ್ಡೆಯ ರೆಸಾರ್ಟುಗಳು ಅಕ್ರಮವೆಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಮಾರ್ಚಿನಲ್ಲಿ ಅವನ್ನು ಕೆಡವಿದರು. ಮುಂಗಡ ಕೊಟ್ಟವರು ಬೇರೆ ಕಡೆ ರೂಮು ಹುಡುಕಬೇಕಾಯಿತು.

ಕುರುಗೋಡಿಗೆ ಬರುತ್ತೇನೆ. ಅದು ಈಗ ತಾಲ್ಲೂಕು ಕೇಂದ್ರ, ಸಿಂದ ಅರಸರು ಆಳಿದ ಊರು. ಗುಡ್ಡಗಳ ಮಡಿಲಲ್ಲಿ ಹಳೆಯ ಗುಡಿಗಳಿವೆ, ಒಂದೇ ಕಲ್ಲಿನ ಬೃಹತ್ ಬಸವಣ್ಣನಿರುವ ದೊಡ್ಡಬಸವೇಶ್ವರ ದೇವಸ್ಥಾನವಿದೆ. ಹೋಗಲೇಬೇಕಾದ ಊರು. ಆದರೆ ಬಳ್ಳಾರಿಯ ಬಾಡಿಗೆ ಉಳಿಸಲೆಂದು ಕುರುಗೋಡಿನಲ್ಲಿ ಮಲಗುವುದರಲ್ಲಿ ಅರ್ಥವಿಲ್ಲ. ಬಳ್ಳಾರಿ ಅಷ್ಟು ಹತ್ತಿರವಿರುವಾಗ ಉಳಿಯುವುದು ಅಲ್ಪ, ದೇಶನೂರಿನ ಕೆಲಸಕ್ಕಾದರೆ ಅದು ದಾರಿ ತಪ್ಪಿದ ಊರು. ಜಾತ್ರೆಗೆ ಬಂದವರು ಮಾತ್ರ ಅಲ್ಲೇ ಯಾರದಾದರೂ ಮನೆಯಲ್ಲಿ ಉಳಿಯಲಿ. ಜಾತ್ರೆಯ ರಾತ್ರಿ ಆ ಊರಿನಲ್ಲಿ ನೆಂಟರಿಲ್ಲದವರಿಗೂ ನೆಂಟರು ಸಿಗುತ್ತಾರೆ.

ಸಿರುಗುಪ್ಪದಲ್ಲಿ ಒಂದು ದಿನ ಹೆಚ್ಚು ಉಳಿಯಲು ಮದುವೆಗಿಂತ ದೊಡ್ಡ ಕಾರಣವೂ ಇದೆ, ಅದನ್ನು ನಮ್ಮವರೇ ಮರೆತಿದ್ದಾರೆ. ದೇಶದಲ್ಲಿ ಸಿಕ್ಕಿರುವ ಅಶೋಕನ ಶಾಸನಗಳಲ್ಲಿ ಹೆಚ್ಚಿನವು ಅವನನ್ನು ದೇವಾನಾಂಪ್ರಿಯ ಎಂದು ಕರೆಯುತ್ತವೆ. ಅಶೋಕ ಎಂಬ ಹೆಸರನ್ನೇ ಬರೆದಿರುವವು ಬೆರಳೆಣಿಕೆಯಷ್ಟೇ. ಮೊದಲು ಸಿಕ್ಕದ್ದು 1915ರಲ್ಲಿ ಮಸ್ಕಿಯಲ್ಲಿ, ಒಂದು ಮಧ್ಯಪ್ರದೇಶದ ಗುಜರ್ರಾದಲ್ಲಿ. ಮತ್ತೆರಡು ನಮ್ಮ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ, 1970ರ ದಶಕದಲ್ಲಿ ಬೆಳಕಿಗೆ ಬಂದವು. ದಾರಿಯಲ್ಲಿ ಸಿಗುವ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಗೆದು ನವಶಿಲಾಯುಗದ ಜನರ ನೆಲೆಯನ್ನು ತೋರಿಸಿದರು. ಸಿರುಗುಪ್ಪದಲ್ಲಿ ರೂಮು ಇದ್ದರೆ ಬೆಳಗಿನ ತಂಪಿನಲ್ಲೇ ಹೊರಟು ನಿಟ್ಟೂರನ್ನೂ ಉಡೇಗೋಳವನ್ನೂ ನೋಡಿ, ಬಿಸಿಲು ಏರುವ ಮುನ್ನ ಯಾವುದಾದರೂ ಹೊಟೆಲಿನಲ್ಲಿ ಕೂತು ಮಂಡಾಳು ಒಗ್ಗರಣಿ ಮಿರ್ಚಿ ತಿನ್ನಬಹುದು. ಬಳ್ಳಾರಿಯ ಎ.ಸಿ. ರೂಮಿನಲ್ಲಿ ತಿಂಡಿ ಮುಗಿಸಿ ಹತ್ತು ಗಂಟೆಗೆ ಹೊರಟವರಿಗೆ ಕಾದ ಬಂಡೆಯ ಹತ್ತಿರ ನಿಲ್ಲಲೂ ಆಗುವುದಿಲ್ಲ.

ಆರಂಭದಲ್ಲಿ ಆದೋನಿಯ ಮಾತೂ ಬಂತಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಇಂದಿಗೂ ಸಿರುಗುಪ್ಪದವರಿಗೆ ಆದೋನಿ ನೆಂಟರ ಊರು, ಸಂತೆಯ ಊರು. ಮುಂಬೈ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಅಲ್ಲಿ ಇಳಿಯುವುದು ಸುಲಭ. ಆದರೆ ಅಲ್ಲಿ ಉಳಿದು ಓಡಾಡುತ್ತೇನೆ ಎನ್ನುವ ಹೆಣ್ಣುಮಕ್ಕಳು ನೆನಪಿಡಿ, ಶಕ್ತಿ ಯೋಜನೆ ನಮ್ಮ ರಾಜ್ಯದ ಒಳಗಿನ ಪ್ರಯಾಣಕ್ಕೆ ಮಾತ್ರ. ಗಡಿಯಾಚೆ ಹೋಗುವ ಬಸ್ಸಿಗೆ ಟಿಕೆಟ್ ಕೊಳ್ಳಬೇಕು.

ಕೊನೆಯದಾಗಿ, ಮದುವೆ ಮಾಡುವ ಮನೆಯವರಲ್ಲಿ ಒಂದು ವಿನಂತಿ. ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಹೆಸರುಗಳಿಗೆ ಅರ್ಧ ಪುಟ ಕೊಡುತ್ತೀರಿ. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಿ: ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಕೊನೆಯ ಬಸ್ಸು ಎಷ್ಟು ಗಂಟೆಗೆ, ಸಿರುಗುಪ್ಪದಲ್ಲಿ ರೂಮು ಬೇಕಾದವರು ಯಾರಿಗೆ ಫೋನ್ ಮಾಡಬೇಕು. ದೂರದಿಂದ ಬರುವವರಿಗೆ ಬೇಕಾದದ್ದು ಅಷ್ಟೇ.